ಬಯಲಲ್ಲಿ ದಿನವಿಡೀ ಕೂರೋದಕ್ಕೆ ಯಾವ ಚೇರ್? ದೊಡ್ಡ ಕ್ಯಾನೊಪಿ ಚೇರ್, ಸಾದಾ ಫೋಲ್ಡಿಂಗ್ ಚೇರ್, ಬಾಡಿಗೆ ಪ್ಲಾಸ್ಟಿಕ್ ಚೇರ್

ಮೂರು ವರ್ಷದ ಹಿಂದೆ ನಮ್ಮ ಮನೆಯ ಒಂದು ಮದುವೆಯಲ್ಲಿ ಚಿಕ್ಕಪ್ಪ ಕೂತಿದ್ದ ಪ್ಲಾಸ್ಟಿಕ್ ಚೇರ್ ಮುರಿಯಿತು. ಹಿಂದಿನ ಎರಡು ಕಾಲು ಮೆಲ್ಲಗೆ ಅಗಲವಾಗುತ್ತಾ ಹೋದವು. ಆಮೇಲೆ ಪಟ್ ಅಂತ ಒಂದು ಕಾಲು ಸೀಳಿತು. ಚಿಕ್ಕಪ್ಪನ ತೂಕ 120 ಕೆಜಿ ಹತ್ತಿರ. ಪುಣ್ಯಕ್ಕೆ ಏಟೇನೂ ಆಗಲಿಲ್ಲ. ಆದರೆ ಅವತ್ತಿನಿಂದ ಅವರು ಯಾವ ಸಮಾರಂಭಕ್ಕೆ ಹೋದರೂ ಗೋಡೆಗೆ ಒರಗಿ ನಿಂತೇ ಇರುತ್ತಿದ್ದರು. ಆ ವರ್ಷ ಸಿದ್ಧಗಂಗೆಯ ದನಗಳ ಜಾತ್ರೆಗೂ ಬರಲಿಲ್ಲ.

ಹಳ್ಳಿಕಾರ್ ಜೋಡಿ ಸಾಕಿ, ಶಿವರಾತ್ರಿ ಬಂತೆಂದರೆ ಕ್ಯಾತ್ಸಂದ್ರಕ್ಕೆ ಎತ್ತು ಹೊಡೆದುಕೊಂಡು ಬಂದು, ದಿನಗಟ್ಟಲೆ ಬಯಲಲ್ಲೇ ಇರುತ್ತಿದ್ದ ಮನುಷ್ಯ ಅವರು. ಯಾಕೆ ಚಿಕ್ಕಪ್ಪ ಬರಲ್ಲ ಅಂತ ಕೇಳಿದರೆ, "ನೆಲದ ಮೇಲೆ ಕೂತ್ರೆ ಏಳಕ್ಕಾಗಲ್ಲ ಕಣವ್ವ, ಕುರ್ಚಿ ಮೇಲೆ ಕೂರಕ್ಕೆ ಧೈರ್ಯ ಬರಲ್ಲ" ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಹಾಗೇ ಉಳಿಯಿತು. ಅವರಿಗಾಗಿ ಚೇರ್ ಹುಡುಕುತ್ತಾ ಹುಡುಕುತ್ತಾ ಕೊನೆಗೆ ಕೊಂಡಿದ್ದು ದೊಡ್ಡ ಅಳತೆಯ, ತಲೆ ಮೇಲೆ ಚಪ್ಪರ ಇರುವ ಫೋಲ್ಡಿಂಗ್ ಚೇರ್. ಕ್ಯಾನೊಪಿ ಚೇರ್ ಅಂತಾರಲ್ಲ, ಅದು.

ಈಗ ಎರಡು ಶಿವರಾತ್ರಿ ಜಾತ್ರೆ, ನಮ್ಮೂರ ಎರಡು ನಾಟಕ, ಮಗನ ಶಾಲೆಯ ಕ್ರೀಡಾಕೂಟ, ಲೆಕ್ಕವಿಲ್ಲದಷ್ಟು ಟೆನಿಸ್ ಬಾಲ್ ಟೂರ್ನಮೆಂಟ್ ನೋಡಿದೆ ಆ ಚೇರ್. ಮನೆಯಲ್ಲಿ ಒಂದು ಸಾದಾ ಫೋಲ್ಡಿಂಗ್ ಚೇರ್ ಕೂಡ ಇದೆ. ಬಾಡಿಗೆ ಪ್ಲಾಸ್ಟಿಕ್ ಚೇರ್ ಅಂತೂ ಎಲ್ಲರಿಗೂ ಗೊತ್ತಿರುವುದೇ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಕ್ಯಾನೊಪಿ ಚೇರ್ ಎಲ್ಲರಿಗೂ ಬೇಕಿಲ್ಲ. ಮರದ ನೆರಳಿಲ್ಲದ ಬಯಲಲ್ಲಿ, ಒಂದೇ ಜಾಗದಲ್ಲಿ, ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಕೂರುವ ಮನುಷ್ಯ ಇದ್ದರೆ, ಆ ಮನುಷ್ಯನ ಮೈ ದೊಡ್ಡದಿದ್ದರೆ, ಚೇರನ್ನು ಜಾಗದವರೆಗೂ ಸಾಗಿಸೋ ದಾರಿ ಇದ್ದರೆ, ಆಗ ಅದಕ್ಕೆ ಸಮ ಇನ್ನೊಂದಿಲ್ಲ. ಇದರಲ್ಲಿ ಒಂದು ತಪ್ಪಿದರೂ ಸಾದಾ ಚೇರ್, ಒಂದು ಒಳ್ಳೆ ಛತ್ರಿ ಸಾಕು. ಹತ್ತಿರದಲ್ಲಿ ಹೊಂಗೆ ಮರವೋ ಹುಣಸೆ ತೋಪೋ ಇದ್ದರೆ ಅದೂ ಬೇಡ, ಒಂದು ಚಾಪೆ ಸಾಕು.

ತೂಕ ತಡೆಯುವ ಲೆಕ್ಕ

ಕೊಳ್ಳುವವರು ಚಪ್ಪರ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಬಾಟಲಿ ಇಡೋ ಜೇಬು ಎಷ್ಟಿದೆ ಅಂತ ನೋಡುತ್ತಾರೆ. ಮೊದಲು ನೋಡಬೇಕಾದ್ದು ಎಷ್ಟು ತೂಕ ತಡೆಯುತ್ತದೆ ಅನ್ನೋದನ್ನು. ಸಾದಾ ಫೋಲ್ಡಿಂಗ್ ಚೇರ್‌ಗಳ ಮೇಲೆ ಸಾಮಾನ್ಯವಾಗಿ 100ರಿಂದ 110 ಕೆಜಿ ಅಂತ ಬರೆದಿರುತ್ತದೆ. ದೊಡ್ಡ ಅಳತೆಯವು 135ರಿಂದ ಶುರುವಾಗಿ 200 ಕೆಜಿ ದಾಟಿದವೂ ಇವೆ. ಅಲುಗಾಡದೆ ನೆಟ್ಟಗೆ ಕೂತರೆ ಮಾತ್ರ ಈ ಲೆಕ್ಕ. ಧೊಪ್ ಅಂತ ಕೂತರೆ, ಹಿಂದಕ್ಕೆ ಒರಗಿ ಎರಡು ಕಾಲ ಮೇಲೆ ನಿಲ್ಲಿಸಿದರೆ, ಪಕ್ಕಕ್ಕೆ ಬಗ್ಗಿ ನೆಲದಿಂದ ಏನಾದರೂ ಎತ್ತಿಕೊಂಡರೆ ಒಂದೆರಡು ಕೀಲಿನ ಮೇಲೇ ಭಾರ ಬೀಳುತ್ತದೆ. ಹಾಗಾಗಿ ಕೂರುವವರ ತೂಕಕ್ಕಿಂತ ಕಾಲು ಭಾಗವಾದರೂ ಜಾಸ್ತಿ ಇರೋದನ್ನು ತಗೊಳ್ಳಿ. ಚಿಕ್ಕಪ್ಪನ 120 ಕೆಜಿಗೆ ನಾನು 150ಕ್ಕಿಂತ ಕಡಿಮೆಯದನ್ನು ನೋಡಲೇ ಇಲ್ಲ.

ಬಾಡಿಗೆ ಪ್ಲಾಸ್ಟಿಕ್ ಚೇರ್ ಹೊಸದಿದ್ದಾಗ ಗಟ್ಟಿಯೇ. ಆದರೆ ಶಾಮಿಯಾನದವರ ಚೇರ್ ವರ್ಷಗಟ್ಟಲೆ ಬಿಸಿಲಲ್ಲಿ ಇದ್ದು ಇದ್ದು ಪ್ಲಾಸ್ಟಿಕ್ಕಿನ ಸತ್ವ ಹೋಗಿರುತ್ತದೆ. ಕೈಯಲ್ಲಿ ಉಜ್ಜಿ ನೋಡಿ. ಬಿಳಿ ಪುಡಿ ಅಂಟಿದರೆ ಆ ಚೇರ್‌ಗೆ ಬಗ್ಗುವ ಗುಣ ಹೋಗಿದೆ, ಭಾರ ಬಿದ್ದರೆ ಬಗ್ಗದೆ ಸೀಳುತ್ತದೆ. ನಮ್ಮ ಕಡೆ ದೊಡ್ಡ ಮೈಯವರು ಬಂದರೆ ಎರಡು ಚೇರ್ ಒಂದರೊಳಗೊಂದು ಹಾಕಿ ಕೊಡುತ್ತಾರೆ. ಅದು ಒಳ್ಳೆಯ ಉಪಾಯ, ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಸಭೆಯ ಮಧ್ಯೆ ಒಬ್ಬರಿಗೆ ಮಾತ್ರ ಹಾಗೆ ಹಾಕಿಕೊಟ್ಟಾಗ ಅವರ ಮುಖ ನೋಡಿದ್ದೀರಾ? ಚಿಕ್ಕಪ್ಪ ಅದಕ್ಕೇ ನಿಂತುಕೊಳ್ಳುತ್ತಿದ್ದರು.

ಕೊಂಡು ತಂದ ದಿನ ಹಟ್ಟಿ ಮುಂದೆ ಬಿಡಿಸಿ ಇಟ್ಟೆ. ಅವರು ಸುತ್ತ ಒಂದು ಸಲ ಓಡಾಡಿ, ಪೈಪು ಹಿಡಿದು ಅಲ್ಲಾಡಿಸಿ, "ಇದು ನನ್ನ ತಡ್ಕಂತದೇನವ್ವ?" ಅಂದರು. ಕೈ ಎರಡೂ ಮಂಡಿ ಮೇಲೆ ಊರಿಕೊಂಡು, ಉಸಿರು ಬಿಗಿಹಿಡಿದು, ಮೆಲ್ಲಗೆ ಕೂತರು. ಬಟ್ಟೆ ಒಂದಿಷ್ಟು ಜಗ್ಗಿತು. ಪೈಪು ಕಿರ್ ಅನ್ನಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಬೆನ್ನು ಹಿಂದಕ್ಕೆ ಕೊಟ್ಟರು. ಅವರು ಹೊರಗಡೆ ಬೆನ್ನು ಕೊಟ್ಟು ಕೂತಿದ್ದನ್ನು ನಾನು ನೋಡಿ ವರ್ಷದ ಮೇಲಾಗಿತ್ತು.

ನೆರಳು ಎಲ್ಲಿ ಬೀಳುತ್ತದೆ

ದುಡ್ಡು ಕೊಡೋದು ಚಪ್ಪರಕ್ಕೆ ತಾನೇ? ಸಾದಾ ಚೇರ್‌ಗೂ ಇದಕ್ಕೂ ಇರುವ ಬೆಲೆಯ ವ್ಯತ್ಯಾಸದಲ್ಲಿ ಹೆಚ್ಚಿನದು ಆ ಚಪ್ಪರದ್ದೇ. ಹಾಗಿದ್ದ ಮೇಲೆ ಅದರ ನೆರಳು ಎಷ್ಟು ಹೊತ್ತು ನಮ್ಮ ಮೇಲಿರುತ್ತದೆ ಅಂತ ಲೆಕ್ಕ ಹಾಕಬೇಕು.

ತುಮಕೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ. ದೇಶಕ್ಕೆಲ್ಲ ಒಂದೇ ಗಡಿಯಾರ, ಅದನ್ನು ಹೊಂದಿಸಿರುವುದು ನಮಗಿಂತ ಪೂರ್ವದ ರೇಖೆಗೆ. ಅದಕ್ಕೇ ಶಿವರಾತ್ರಿಯ ಸಮಯದಲ್ಲಿ ನಮ್ಮಲ್ಲಿ ನಡುಮಧ್ಯಾಹ್ನ ಅಂದರೆ 12:30 ದಾಟಿರುತ್ತದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೇ ಬರುತ್ತಾನೆ. ಆ ಹೊತ್ತಲ್ಲಿ ಎಂಥ ಚಪ್ಪರವಾದರೂ ಸರಿ, ನೆರಳು ನಿಮ್ಮ ಮೇಲೇ ಬೀಳುತ್ತದೆ. ಛತ್ರಿಯೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ತೊಂದರೆ ಶುರುವಾಗೋದು ಮೂರು ಗಂಟೆ ಮೇಲೆ. ಶಿವರಾತ್ರಿ ಸಮಯದಲ್ಲಿ ಸಂಜೆ 4:30ಕ್ಕೆ ನೆರಳಿನ ಉದ್ದ ವಸ್ತುವಿನ ಎತ್ತರದ ಎರಡು ಪಟ್ಟು ಹತ್ತಿರ ಇರುತ್ತದೆ. ಚಪ್ಪರ ನಿಮ್ಮ ತಲೆಯಿಂದ ಒಂದೂವರೆ ಅಡಿ ಮೇಲಿದ್ದರೆ ಅದರ ನೆರಳು ತಲೆಯಿಂದ ಸುಮಾರು ಮೂರಡಿ ಆಚೆ ಸರಿದಿರುತ್ತದೆ. ಅಂದರೆ ನೆರಳು ಪಕ್ಕದವರಿಗೆ, ಬಿಸಿಲು ನಿಮಗೆ. ಮೊದಲ ವರ್ಷ ಜಾತ್ರೆಯಲ್ಲಿ ಹೀಗೇ ಆಯಿತು. ಚಿಕ್ಕಪ್ಪನ ಎಡಗೆನ್ನೆ, ಎಡಗೈ ಸಂಜೆ ಹೊತ್ತಿಗೆ ಕೆಂಪಗಾಗಿತ್ತು. ಚಪ್ಪರ ಇದೆ ಅನ್ನೋ ಧೈರ್ಯಕ್ಕೆ ಟವೆಲ್ ಕೂಡ ಹಾಕಿಕೊಂಡಿರಲಿಲ್ಲ.

ಹಾಗಾಗಿ ಕೊಳ್ಳುವಾಗ ಒಂದು ಪ್ರಶ್ನೆ ಕೇಳಲೇಬೇಕು: ಚಪ್ಪರ ವಾಲುತ್ತದಾ? ಕೆಲವು ಚೇರ್‌ಗಳಲ್ಲಿ ಅದು ನೆಟ್ಟಗೆ ಒಂದೇ ಕಡೆ ನಿಂತಿರುತ್ತದೆ. ಕೆಲವದರಲ್ಲಿ ಮುಂದಕ್ಕೂ ಹಿಂದಕ್ಕೂ ಮೂರು ನಾಲ್ಕು ಹಂತಗಳಲ್ಲಿ ಬಾಗಿಸಬಹುದು. ಬಾಗಿಸಲಾಗದ ಕ್ಯಾನೊಪಿ ಚೇರ್ ದಯವಿಟ್ಟು ಕೊಳ್ಳಬೇಡಿ. ಅದರ ಬದಲು ಸಾದಾ ಚೇರ್ ಮತ್ತು ಛತ್ರಿ ಎಷ್ಟೋ ಮೇಲು. ಕೈಯಲ್ಲಿರುವ ಛತ್ರಿ ಯಾವ ಕಡೆಗೆ ಬೇಕಾದರೂ ತಿರುಗುತ್ತದೆ.

ಆದರೆ ಬಾಗುವ ಚಪ್ಪರವೂ ಹಿಂದಕ್ಕೆ ಮುಂದಕ್ಕೆ ಬಾಗುತ್ತದೆಯೇ ಹೊರತು ಪಕ್ಕಕ್ಕೆ ಬಾಗುವುದು ಕಡಿಮೆ. ಅದಕ್ಕೆ ಚೇರ್ ಇಡುವಾಗಲೇ ಯೋಚನೆ ಮಾಡಬೇಕು. ಮಧ್ಯಾಹ್ನದ ಮೇಲೆ ಕೂರುವುದಾದರೆ ಬೆನ್ನು ಪಡುವಣಕ್ಕೆ ಬರಲಿ. ಬಿಸಿಲು ಹಿಂದಿನಿಂದ ಬರುತ್ತದೆ, ಚಪ್ಪರವನ್ನು ಹಿಂದಕ್ಕೆ ಇಳಿಸಿದರೆ ತಲೆ, ಕತ್ತು, ಬೆನ್ನು ಮುಚ್ಚುತ್ತದೆ. ಮ್ಯಾಚ್ ನೋಡುವುದಾದರೆ ಮೈದಾನದ ಪಡುವಣ ಅಂಚಿಗೆ ಹೋಗಿ ಕೂರಿ. ಸ್ಟೇಜೇ ಪಡುವಣದಲ್ಲಿದ್ದು ಕಾರ್ಯಕ್ರಮ ಸಂಜೆ ಇದ್ದರೆ ಯಾವ ಚಪ್ಪರವೂ ಪೂರ್ತಿ ಉಪಯೋಗಕ್ಕೆ ಬರಲ್ಲ. ಮುಂದಕ್ಕೆ ಇಳಿಸಿದರೆ ಸ್ಟೇಜೇ ಮುಚ್ಚಿಹೋಗುತ್ತದೆ.

ನಾನು ಈಗ ಮಾಡುವುದು ಇಷ್ಟು. ಹಳೆ ಬಿಳಿ ಪಂಚೆಯೊಂದನ್ನು ಎರಡು ಬಟ್ಟೆ ಕ್ಲಿಪ್ ಹಾಕಿ ಚಪ್ಪರದ ಎಡಬದಿಗೆ ಇಳಿಬಿಡುತ್ತೇನೆ. ಗಾಳಿಯೂ ಆಡುತ್ತದೆ, ಓರೆ ಬಿಸಿಲೂ ನಿಲ್ಲುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಚೇರ್‌ನ ಉಪಯೋಗ ಎರಡು ಗಂಟೆ ಜಾಸ್ತಿಯಾಯಿತು.

ಬಟ್ಟೆಯ ಬಗ್ಗೆ ಎರಡು ಮಾತು. ಕೆಲವದರ ಮೇಲೆ ಯುಪಿಎಫ್ 50 ಅಂತ ಬರೆದಿರುತ್ತದೆ. ಚರ್ಮ ಸುಡುವ ಅತಿನೇರಳೆ ಕಿರಣದಲ್ಲಿ 50ರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ 2ರಷ್ಟು ಮಾತ್ರ ಬಟ್ಟೆ ದಾಟಿ ಬರುತ್ತದೆ ಅಂತ ಅರ್ಥ. ಇದು ಬಟ್ಟೆಯ ಲೆಕ್ಕ. ನೆಲದಿಂದ ಮೇಲಕ್ಕೆ ಹೊಡೆಯುವ ಬೆಳಕಿಗೆ, ಪಕ್ಕದಿಂದ ಬರುವ ಬಿಸಿಲಿಗೆ ಅನ್ವಯಿಸಲ್ಲ. ಕಪ್ಪು, ಕಡುನೀಲಿ ಬಟ್ಟೆ ಕಿರಣ ತಡೆಯುವುದರಲ್ಲಿ ಮುಂದು. ಆದರೆ ತಾನೇ ಕಾದು ತಲೆ ಮೇಲೆ ಕಾವು ಬಿಡುತ್ತದೆ. ಮೇಲ್ಭಾಗಕ್ಕೆ ಬೆಳ್ಳಿ ಬಣ್ಣದ ಲೇಪ ಇರುವುದು ಸಿಕ್ಕರೆ ಅದೇ ಒಳ್ಳೆಯದು. ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟಿದ ಮೇಲೆ, ಅದೂ ಪಾವಗಡದ ಕಡೆಯ ಬಯಲಲ್ಲಿ, ಈ ವ್ಯತ್ಯಾಸ ನೆತ್ತಿಗೆ ಗೊತ್ತಾಗುತ್ತದೆ.

ಅಮ್ಮನಿಗೆ ಹೊಂದಲಿಲ್ಲ

ದೊಡ್ಡ ಚೇರ್ ಅಂದರೆ ಎಲ್ಲರಿಗೂ ಆರಾಮ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಅಮ್ಮನ ಎತ್ತರ ಐದಡಿಗೂ ಕಡಿಮೆ. ಈ ಚೇರ್‌ನಲ್ಲಿ ಕೂತರೆ ಬೆನ್ನು ಹಿಂದಕ್ಕೆ ತಾಗುವಷ್ಟರಲ್ಲಿ ಕಾಲು ನೆಲ ಬಿಡುತ್ತದೆ. ಮುಂದಿನ ಅಂಚು ತೊಡೆಯ ಕೆಳಗೆ ಒತ್ತಿ, ಅರ್ಧ ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ. ಅದಕ್ಕಿಂತ ಕಷ್ಟ ಏಳುವುದು. ಬಟ್ಟೆ ಸೀಟು ಜಗ್ಗಿ ಸೊಂಟ ಮಂಡಿಗಿಂತ ಕೆಳಗೆ ಹೋಗಿರುತ್ತದೆ. ಕೈ ಇಡೋ ಜಾಗವೂ ಬಟ್ಟೆಯದೇ, ಊರಿದರೆ ಅದೂ ಜಗ್ಗುತ್ತದೆ. ಮಂಡಿ ನೋವಿರುವವರಿಗೆ ಇದು ಬಾವಿಯಿಂದ ಎದ್ದು ಬಂದ ಹಾಗೆ. ಮೊದಲ ದಿನ ನಾನು, ನನ್ನ ತಂಗಿ ಇಬ್ಬರೂ ಕೈಕೊಟ್ಟು ಎಬ್ಬಿಸಬೇಕಾಯಿತು.

ಮಂಡಿ ನೋವಿನ ವಯಸ್ಸಾದವರಿಗೆ ನನ್ನ ಸಲಹೆ ಬೇರೆಯೇ. ಗಟ್ಟಿ ಸೀಟಿನ, ಗಟ್ಟಿ ಕೈ ಇರುವ ಚೇರ್ ಬೇಕು. ಒಳ್ಳೆ ಸ್ಥಿತಿಯ ಪ್ಲಾಸ್ಟಿಕ್ ಚೇರ್ ಇಲ್ಲಿ ಗೆಲ್ಲುತ್ತದೆ. ಅದರ ಹಿಂದೆ ಒಂದು ದೊಡ್ಡ ಛತ್ರಿ ಕಟ್ಟಿಕೊಡಿ. ನಮ್ಮ ತರಕಾರಿ ಮಾರುವವರು ಇಡುತ್ತಾರಲ್ಲ, ಆ ತರದ್ದು ಇದ್ದರಂತೂ ಇನ್ನೂ ಚೆನ್ನ. ಕ್ಯಾನೊಪಿ ಚೇರೇ ಬೇಕೆಂದರೆ ಸೀಟಿನ ಎತ್ತರ 45 ಸೆಂಟಿಮೀಟರ್ ಸುತ್ತಮುತ್ತ ಇರಲಿ, ಮರದ್ದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಕೈ ಇರುವುದನ್ನು ಹುಡುಕಿ. ಬೀಚಿಗೆ ಅಂತ ಮಾಡಿದ ತಗ್ಗು ಚೇರ್‌ಗಳ ಸೀಟು ನೆಲದಿಂದ ಒಂದಡಿಯೂ ಇರಲ್ಲ. ಚಿತ್ರದಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಅಳತೆ ಓದದೆ ತರಿಸಬೇಡಿ.

ಕ್ರೀಡಾಕೂಟದ ದಿನ ಅಮ್ಮ ಈ ಚೇರ್‌ನಲ್ಲೇ ಕೂರಬೇಕಾಗಿ ಬಂತು. ಬೆನ್ನ ಹಿಂದೆ ಕಂಬಳಿ ಸುರುಳಿ ಸುತ್ತಿ ಇಟ್ಟೆ, ಸೀಟಿನ ಮೇಲೆ ಒಂದು ಮಡಚಿದ ರಗ್ಗು, ಕಾಲ ಕೆಳಗೆ ಅಡುಗೆಮನೆಯ ಮಣೆ. ಮೂರು ಗಂಟೆ ಆರಾಮಾಗಿ ಕೂತಿದ್ದರು. ಹೊಂದಿಸಿಕೊಳ್ಳಬಹುದು, ಆದರೆ ಅಷ್ಟೆಲ್ಲ ಹೊತ್ತುಕೊಂಡು ಹೋಗಬೇಕು.

ಹೊರುವುದು ಯಾರು?

ಈ ಚೇರ್‌ಗಳು ಅಮೆರಿಕದಂಥ ಕಡೆ ಬೀಚಿಗೆ, ಮಕ್ಕಳ ಆಟದ ಮೈದಾನಕ್ಕೆ ಅಂತ ಬಳಕೆಯಲ್ಲಿರುವುದು. ಅಲ್ಲಿ ಕಾರು ಮೈದಾನದ ಪಕ್ಕಕ್ಕೇ ಹೋಗಿ ನಿಲ್ಲುತ್ತದೆ. ನಮ್ಮ ಜಾತ್ರೆಯ ದಿನ ಕಾರು ಎಲ್ಲೋ ರಸ್ತೆಯ ಮೇಲೆ ಉಳಿಯುತ್ತದೆ. ನಾವು ಜನರ ಮಧ್ಯೆ ಒಂದು ಕಿಲೋಮೀಟರ್ ನಡೆಯಬೇಕು. ನಮ್ಮ ಚೇರ್ ಮಡಚಿದರೆ ಮೂರೂವರೆ ಅಡಿ ಉದ್ದ, ತೂಕ 6 ಕೆಜಿ ಮೇಲೆ. ಸಾದಾ ಚೇರ್ 3 ಕೆಜಿ ಆಸುಪಾಸು. ಅಂಕಿಯಲ್ಲಿ ದೊಡ್ಡ ವ್ಯತ್ಯಾಸ ಅನ್ನಿಸಲ್ಲ. ಆದರೆ ಒಂದೇ ಹೆಗಲಿಗೆ ನೇತುಹಾಕಿದ ಉದ್ದನೆಯ ಚೀಲ ಹೆಜ್ಜೆ ಹೆಜ್ಜೆಗೂ ಹಿಮ್ಮಡಿಗೆ ಬಡಿಯುತ್ತದೆ, ತಿರುಗಿದರೆ ಪಕ್ಕದವರಿಗೆ ತಾಗುತ್ತದೆ. ಎರಡೂ ಹೆಗಲಿಗೆ ಹಾಕುವ ಪಟ್ಟಿ ಇರುವ ಚೀಲ ಸಿಕ್ಕರೆ ನೂರಿನ್ನೂರು ಜಾಸ್ತಿಯಾದರೂ ಅದನ್ನೇ ತಗೊಳ್ಳಿ. ಕೆಲವು ಚೇರ್‌ಗಳಲ್ಲಿ ಚಪ್ಪರದ ಬಟ್ಟೆಯೇ ಕೆಳಗಿಳಿದು ಸುತ್ತ ಮುಚ್ಚಿಕೊಂಡು ಚೀಲವಾಗುತ್ತದೆ. ಚೀಲ ಕಳೆದುಹೋಗುವ ಚಿಂತೆ ಇರಲ್ಲ, ಇದು ಬಹಳ ಜಾಣ ಕೆಲಸ.

ಕಾರಿನ ಡಿಕ್ಕಿಯಲ್ಲಿ ಅಡ್ಡ ಇಟ್ಟರೆ ಸಣ್ಣ ಕಾರಿಗೆ ಹಿಡಿಯುವುದಿಲ್ಲ, ಹಿಂದಿನ ಸೀಟಿನ ಮೇಲೆ ಮಲಗಿಸಬೇಕು. ಸ್ಕೂಟರ್‌ನಲ್ಲಾದರೆ ಹಿಂದೆ ಕೂತವರು ಹೆಗಲಿಗೆ ನೆಟ್ಟಗೆ ಹಿಡಿದುಕೊಂಡು ಬರಬೇಕು. ಒಬ್ಬರೇ ಗಾಡಿಯಲ್ಲಿ ಹೋಗುವವರು ಸಾದಾ ಚೇರ್‌ಗೆ ಹೋಗಿ. ಬಸ್ಸಿಗೆ ಹತ್ತುವವರಿಗೂ ಅದೇ ಮಾತು.

ದೇವರಾಯನದುರ್ಗದ ತೇರಿಗೆ ಹೋದಾಗ ನಾವು ಇದನ್ನು ಕೆಳಗೆ ಭೋಗಾನರಸಿಂಹನ ಗುಡಿ ಹತ್ತಿರ ಬಿಟ್ಟೇ ಯೋಗಾನರಸಿಂಹನ ದರ್ಶನಕ್ಕೆ ಮೇಲೆ ಹತ್ತಿದೆವು. ಮೆಟ್ಟಿಲಲ್ಲಿ ಇದನ್ನು ಹೊರುವ ಯೋಚನೆಯೇ ಬೇಡ. ಅಲ್ಲಿ ಸುಮಾರು 1,200 ಮೀಟರ್ ಎತ್ತರದ ಗಾಳಿಗೆ ಬಿಚ್ಚುವುದೂ ಕಷ್ಟ.

ಗಾಳಿ, ಎತ್ತು

ಚಪ್ಪರ ಅಂದರೆ ಹಾಯಿ ಇದ್ದ ಹಾಗೆ. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮನುಷ್ಯ ಕೂತಿದ್ದಾಗ ಚೇರ್ ಕದಲಲ್ಲ. ನೀರು ಕುಡಿಯೋಣ ಅಂತ ಎದ್ದ ಕ್ಷಣದಲ್ಲೇ ಅದು ಹಾರಿ ಹಿಂದಿನವರ ಮೇಲೆ ಬೀಳುವುದು. ಎದ್ದಾಗೆಲ್ಲ ಚಪ್ಪರ ಮಡಚುವ ಅಭ್ಯಾಸ ಮಾಡಿಕೊಳ್ಳಿ. ಆಗದಿದ್ದರೆ ಸೀಟಿನ ಮೇಲೆ ನೀರಿನ ಕ್ಯಾನ್ ಇಟ್ಟು ಏಳಿ. ಆಷಾಢದಲ್ಲಿ ನಮ್ಮ ಕಡೆ ಗಾಳಿ ಬೀಸುತ್ತದಲ್ಲ, ಆ ತಿಂಗಳು ನಾನು ಇದನ್ನು ಹೊರಗೆ ತೆಗೆಯುವುದೇ ಇಲ್ಲ. ಆಗ ಸಾದಾ ಚೇರ್, ತಲೆಗೆ ಟವೆಲ್.

ಜಾತ್ರೆಯ ಮೊದಲ ದಿನ ಇನ್ನೊಂದು ಆಯಿತು, ಇದನ್ನು ದನ ಸಾಕುವವರು ಗಮನಿಸಬೇಕು. ಚೇರನ್ನು ಎತ್ತು ಕಟ್ಟಿದ ಗೂಟದಿಂದ ನಾಲ್ಕು ಮಾರು ದೂರದಲ್ಲಿ ಬಿಚ್ಚಿದೆ. ಚಪ್ಪರದ ಅಂಚು ಗಾಳಿಗೆ ಪಟಪಟ ಅಂತು. ಎಡಗಡೆಯ ಎತ್ತು ಕಿವಿ ನಿಮಿರಿಸಿ, ಕಣ್ಣು ಅಗಲಿಸಿ, ಹಗ್ಗ ಬಿಗಿಯಾಗುವವರೆಗೆ ಹಿಂದೆ ಸರಿಯಿತು. ಇನ್ನೊಂದೂ ಅದನ್ನು ನೋಡಿ ಎಗರಿತು. ಪಕ್ಕದ ಜೋಡಿಗಳೂ ಗಾಬರಿಬಿದ್ದವು. ಚಿಕ್ಕಪ್ಪ ಓಡಿಹೋಗಿ ಮೂಗುದಾರ ಹಿಡಿದು, ಗಂಗೆದೊಗಲು ಸವರಿ, ಬಾಯಲ್ಲಿ ಹೋ ಹೋ ಅನ್ನುತ್ತಾ ಸಮಾಧಾನ ಮಾಡಿದರು. ಆಮೇಲೆ ಅವರೇ ಒಂದು ದಾರಿ ಕಂಡುಹಿಡಿದರು. ಚಪ್ಪರ ಮುಚ್ಚಿದ ಚೇರನ್ನು ಎತ್ತುಗಳ ಎದುರಿಗೇ ಇಟ್ಟು, ಅದರ ಮೇಲೆ ಒಂದು ಹಿಡಿ ಹುಲ್ಲು ಹಾಕಿದರು. ಎತ್ತುಗಳು ಬಂದು ಮೂಸಿ, ಹುಲ್ಲು ತಿಂದವು. ಮಧ್ಯಾಹ್ನದ ಹೊತ್ತಿಗೆ ಚಪ್ಪರ ಮೆಲ್ಲಗೆ ಬಿಚ್ಚಿದರೂ ಸುಮ್ನೆ ಮೆಲುಕು ಹಾಕುತ್ತಿದ್ದವು. ಅಂಚು ಪಟಪಟ ಅನ್ನದಂತೆ ನಾನು ಸೈಕಲ್ ಟ್ಯೂಬಿನ ತುಂಡು ಹಾಕಿ ಎರಡು ಮೂಲೆ ಬಿಗಿದೆ.

ದನದ ಜಾತ್ರೆಗೆ ಒಯ್ಯುವವರು ಮನೆಯ ಕೊಟ್ಟಿಗೆಯ ಹತ್ತಿರ ಒಂದು ವಾರ ಮೊದಲೇ ಇದನ್ನು ಬಿಚ್ಚಿಟ್ಟು ಅಭ್ಯಾಸ ಮಾಡಿಸಿ. ಎತ್ತು ಬೆದರಿದರೆ ಅಕ್ಕಪಕ್ಕದಲ್ಲಿ ಮಕ್ಕಳಿರುತ್ತಾರೆ.

ರಾತ್ರಿ ನಾಟಕ

ಗುಬ್ಬಿಯಲ್ಲಿ 1884ರಲ್ಲೇ ನಾಟಕ ಕಂಪನಿ ಕಟ್ಟಿದ ಜಿಲ್ಲೆ ನಮ್ಮದು. ಹಳ್ಳಿಗಳಲ್ಲಿ ಈಗಲೂ ಕುರುಕ್ಷೇತ್ರ ಇಟ್ಟರೆ ಬೆಳಗಿನ ಜಾವದವರೆಗೂ ಜನ ಕದಲಲ್ಲ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆ ಊರಿಗೂರೇ ಕಂಬಳಿ ಹೊದ್ದು ಬಯಲಿಗೆ ಬಂದು ಕೂರುತ್ತದೆ.

ರಾತ್ರಿ ಹೊತ್ತು ಚಪ್ಪರ ಯಾಕೆ ಅಂತ ಕೇಳಬಹುದು. ಇಬ್ಬನಿಗೆ. ತೆರೆದ ಆಕಾಶದ ಕೆಳಗಿರುವ ಬಟ್ಟೆ, ಕೂದಲು, ಹುಲ್ಲು ಕಾವು ಕಳೆದುಕೊಂಡು ತಣ್ಣಗಾಗುತ್ತವೆ, ಆ ತಣ್ಣನೆಯ ಮೇಲೆ ಗಾಳಿಯ ತೇವ ಕೂರುತ್ತದೆ. ಮೇಲೊಂದು ಹೊದಿಕೆ ಇದ್ದರೆ ಇಬ್ಬನಿ ಅದರ ಮೇಲೆ ಕೂರುತ್ತದೆ, ನಮ್ಮ ಮೇಲಲ್ಲ. ಜನವರಿಯ ಒಂದು ನಾಟಕದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಚಪ್ಪರ ಮುಟ್ಟಿ ನೋಡಿದರೆ ಕೈ ಒದ್ದೆಯಾಯಿತು. ಕೆಳಗೆ ಚಿಕ್ಕಪ್ಪನ ಹೆಗಲ ಮೇಲಿನ ಟವೆಲ್ ಒಣಗೇ ಇತ್ತು. ಸಾದಾ ಚೇರ್‌ನಲ್ಲಿ ಕೂತಿದ್ದ ನನ್ನ ಶಾಲು ಹಿಂಡುವ ಹಾಗಾಗಿತ್ತು.

ಆದರೆ ಒಂದು ಕಡ್ಡಾಯ. ಈ ಚೇರ್ ಎಲ್ಲರಿಗಿಂತ ಹಿಂದಿನ ಸಾಲಿನಲ್ಲೇ ಇರಬೇಕು. ನಮ್ಮ ಬಯಲಲ್ಲಿ ಮುಂದೆ ಮಕ್ಕಳು ನೆಲದ ಮೇಲೆ, ಆಮೇಲೆ ಹೆಂಗಸರು ಚಾಪೆ ಮೇಲೆ, ಅವರ ಹಿಂದೆ ಚೇರ್‌ನವರು. ಚಪ್ಪರದ ಚೇರ್ ಆರಡಿ ಎತ್ತರಕ್ಕೆ ನಿಲ್ಲುತ್ತದೆ. ಅದರ ಹಿಂದೆ ಇರುವ ಹತ್ತು ಜನಕ್ಕೆ ದುರ್ಯೋಧನನ ಕಿರೀಟವೂ ಕಾಣಲ್ಲ. ಅವರೂ ವರ್ಷವೆಲ್ಲ ಕಾದು ಬಂದವರೇ. ಹಿಂದಿನ ಸಾಲಿನಲ್ಲಿ ಕೂರಲು ಮನಸ್ಸಿಲ್ಲ ಅಂದರೆ ಈ ಚೇರ್ ಬೇಡವೇ ಬೇಡ, ಸಾದಾ ಚೇರ್ ತಗೊಳ್ಳಿ. ಶಾಲೆ ಮೈದಾನದಲ್ಲೂ, ಮ್ಯಾಚಿನಲ್ಲೂ ಇದೇ ಮಾತು. ಜಾಗ ಸಿಗದ ಇಕ್ಕಟ್ಟಿನಲ್ಲಿ ಚಪ್ಪರ ಪೂರ್ತಿ ಹಿಂದಕ್ಕೆ ಮಡಚಿ ಕೂರುವುದು ಮರ್ಯಾದೆ.

ಬಾಣಬಿರುಸು ಬಿಡುವ ಕಡೆಯೂ ಮಡಚಿಬಿಡಿ. ಈ ಬಟ್ಟೆ ಪಾಲಿಯೆಸ್ಟರ್, ಕಿಡಿ ಬಿದ್ದರೆ ಕರಗಿ ತೂತಾಗುತ್ತದೆ. ನಮ್ಮ ಚಪ್ಪರದಲ್ಲಿ ಕಡಲೆಕಾಳಿನಷ್ಟು ಎರಡು ತೂತು ಹೀಗೇ ಆಗಿವೆ, ಅಂಚು ಗಟ್ಟಿಯಾಗಿ ಕಪ್ಪಗೆ ಸುರುಟಿಕೊಂಡಿದೆ.

ಉಳಿದವು

ಸಾಮಾನ್ಯ ಅಳತೆಯ ಕ್ಯಾನೊಪಿ ಚೇರ್ ಸಣ್ಣ ಮೈಯವರಿಗೆ, ಅದೂ ವಾಲುವ ಚಪ್ಪರ ಇದ್ದರೆ, ದೊಡ್ಡದಕ್ಕಿಂತ ಒಳ್ಳೆಯದು. ಹಗುರ, ಕಾಲೂ ನೆಲಕ್ಕೆ ತಾಗುತ್ತದೆ. ಇಬ್ಬರು ಕೂರುವ ಜೋಡಿ ಚೇರ್ ನನಗೆ ಹಿಡಿಸಲಿಲ್ಲ. ಒಬ್ಬರು ಎದ್ದರೆ ಇನ್ನೊಬ್ಬರು ಆ ಕಡೆ ಜಾರುತ್ತಾರೆ.

ನಾಲ್ಕು ಕಾಲಿನ ಟೆಂಟು, 10 ಅಡಿಗೆ 10 ಅಡಿಯದು, ಐದಾರು ಜನ ಒಟ್ಟಿಗೆ ಇರುವಾಗ ಲೆಕ್ಕಕ್ಕೆ ಬರುತ್ತದೆ. ಮ್ಯಾಚಿನ ತಂಡಕ್ಕೆ, ಜಾತ್ರೆಯಲ್ಲಿ ವಾರ ಇರುವ ಮನೆಯವರಿಗೆ ಅದೇ ಸರಿ. ಆದರೆ ನಿಲ್ಲಿಸಲು ಇಬ್ಬರು ಬೇಕು, ಕಾಲಿಗೆ ಮರಳು ಚೀಲ ಕಟ್ಟಬೇಕು, ಸಾಗಿಸಲು ಆಟೋನೇ ಬೇಕು. ವರ್ಷಕ್ಕೆ ಒಂದೆರಡು ದಿನದ ಕೆಲಸಕ್ಕೆ ಕೊಳ್ಳಬೇಡಿ, ಶಾಮಿಯಾನದವರನ್ನು ಕೇಳಿ.

ದುಡ್ಡಿನ ಮಾತೂ ಇದೇ ದಾರಿಯದು. ಬಾಡಿಗೆ ಚೇರ್‌ಗೆ ಹೋದ ಸಲ ನಾವು ದಿನಕ್ಕೆ 10 ರೂಪಾಯಿ ಕೊಟ್ಟೆವು. ದೊಡ್ಡ ಕ್ಯಾನೊಪಿ ಚೇರ್‌ಗೆ ನನಗೆ 6,000 ಚಿಲ್ಲರೆ ಆಯಿತು. ಬರೀ ಲೆಕ್ಕ ಹಾಕಿದರೆ ಬಾಡಿಗೆಯೇ ಲಾಭ, ಅದರಲ್ಲಿ ಸಂಶಯವಿಲ್ಲ. ನಾನು ಕೊಟ್ಟಿದ್ದು ಚಿಕ್ಕಪ್ಪ ಮತ್ತೆ ಬಯಲಿಗೆ ಬರಲಿ ಅಂತ. ನಿಮ್ಮ ಮನೆಯಲ್ಲಿ ಅಂಥ ಒಬ್ಬರಿಲ್ಲದಿದ್ದರೆ ಆ ದುಡ್ಡು ಬೇರೆ ಕೆಲಸಕ್ಕೆ ಆಗುತ್ತದೆ.

ತರಿಸಿದ ದಿನ ನೋಡಬೇಕಾದ್ದು

ಅಂಗಡಿಯಲ್ಲಿ ಕೊಂಡರೆ ಅಲ್ಲೇ, ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕಳಿಸುವ ಗಡುವಿನೊಳಗೆ ಚೆನ್ನಾಗಿ ಪರೀಕ್ಷೆ ಮಾಡಿ. ಸೀಟಿನ ಬಟ್ಟೆ ಪೈಪಿಗೆ ಸೇರುವ ನಾಲ್ಕು ಮೂಲೆ ನೋಡಿ. ಅಲ್ಲಿ ಹೊಲಿಗೆ ಎರಡು ಸಾಲಾದರೂ ಇರಬೇಕು, ಮೂಲೆಯಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಡೆದಿರಬೇಕು. ಚೇರ್ ಹರಿಯುವುದು ಮೊದಲು ಅಲ್ಲೇ. ಬಟ್ಟೆಯ ಮೇಲೆ 600 ಡೆನಿಯರ್ ಅಂತ ಇದ್ದರೆ, ಅದರ ನೂಲು 9,000 ಮೀಟರ್ ಉದ್ದಕ್ಕೆ 600 ಗ್ರಾಂ ತೂಗುತ್ತದೆ ಅಂತ. ಈ ಅಂಕಿ ದೊಡ್ಡದಾದಷ್ಟೂ ನೂಲು ದಪ್ಪ. ದೊಡ್ಡ ಮೈಯವರಿಗೆ 600ಕ್ಕಿಂತ ಕಡಿಮೆ ಬೇಡ.

ಚಪ್ಪರ ಹಿಡಿಯುವ ಪ್ಲಾಸ್ಟಿಕ್ ಕೀಲು ಇನ್ನೊಂದು ಬಡಪಾಯಿ ಜಾಗ. ನಮ್ಮದರಲ್ಲಿ ಎರಡನೇ ವರ್ಷ ಬಲಗಡೆಯ ಕೀಲು ಬಿರುಕು ಬಿಟ್ಟಿತು. ಮಾರಿದವರಿಗೆ ಬರೆದರೆ ಬಿಡಿಭಾಗ ಸಿಗಲ್ಲ, ಹೊಸ ಚೇರ್ ತಗೊಳ್ಳಿ ಅಂದರು. ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಅದೇ ಅಳತೆಗೆ ಒಂದು ಕಬ್ಬಿಣದ ಪಟ್ಟಿ ಬಾಗಿಸಿ, ಬೋಲ್ಟ್ ಹಾಕಿ ಕೊಟ್ಟರು. ಈಗ ಮೊದಲಿಗಿಂತ ಗಟ್ಟಿ. ಹರಿದ ಬಟ್ಟೆಗೆ ಟೈಲರ್ ಹತ್ತಿರ ಹೋಗಬೇಡಿ, ಗಾಡಿಗಳ ಸೀಟ್ ಕವರ್ ಹೊಲಿಯುವವರ ಹತ್ತಿರ ಹೋಗಿ. ಅವರ ಮೆಷಿನ್ನಿಗೆ ಮಾತ್ರ ಈ ದಪ್ಪ ಬಟ್ಟೆ ಬಗ್ಗುತ್ತದೆ.

ಪೈಪು ಕಬ್ಬಿಣದ್ದಾದರೆ ತುಕ್ಕು ಹಿಡಿಯುವುದು ಕಾಲಿನ ತುದಿಯಿಂದ, ರಬ್ಬರ್ ಬುಶ್ಶಿನ ಒಳಗಿಂದ. ಒದ್ದೆಯಾಗಿದ್ದರೆ ಬುಶ್ ಕಳಚಿ ಒಣಗಿಸಿ ಆಮೇಲೆ ಚೀಲಕ್ಕೆ ಹಾಕಿ. ಬಟ್ಟೆಯನ್ನು ನೆರಳಲ್ಲೇ ಒಣಗಿಸಿ. ತಾರಸಿ ಮೇಲೆ ಬಿಚ್ಚಿಟ್ಟು ಮರೆತರೆ ಒಂದೆರಡು ಬೇಸಿಗೆಯಲ್ಲಿ ಬಟ್ಟೆಯ ಬಲ ಹೋಗುತ್ತದೆ. ನೋಡಲು ಬಣ್ಣ ಮಾಸಿದೆ ಅಷ್ಟೇ ಅನ್ನಿಸುತ್ತದೆ, ಕೂತಾಗ ಪರ್ ಅಂತ ಸೀಳುತ್ತದೆ.

ನೆಲ ಮೆತ್ತಗಿರುವ ಕಡೆ, ಕೆರೆ ಅಂಗಳ, ರಾಗಿ ಕೊಯ್ದ ಹೊಲ, ಕಾಲು ಹೂತು ಚೇರ್ ಒಂದು ಕಡೆಗೆ ವಾಲುತ್ತದೆ. ವಾಲಿದ ಚೇರ್‌ಗೆ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ, ಪೈಪು ಬಾಗುವುದು ಆಗಲೇ. ಅಗಲವಾದ ಪಾದ ಇರುವ ಚೇರ್ ಆರಿಸಿ. ನಾನು ಅದರ ಮೇಲೂ ನಾಲ್ಕು ಹಲಗೆ ತುಂಡು ಇಟ್ಟುಕೊಂಡಿರುತ್ತೇನೆ, ಅಂಗೈ ಅಗಲದವು. ಆ ಹಲಗೆ, ಸೈಕಲ್ ಟ್ಯೂಬಿನ ತುಂಡು, ನಾಲ್ಕು ಬಟ್ಟೆ ಕ್ಲಿಪ್, ಹಳೆ ಪಂಚೆ, ಒಂದು ಮಾರು ನೂಲಿನ ಹಗ್ಗ. ಇವಿಷ್ಟೂ ಚೇರಿನ ಚೀಲದಲ್ಲೇ ಇರುತ್ತವೆ. ಈ ಸಲ ಚಿಕ್ಕಪ್ಪ ತಮ್ಮದೂ ಒಂದು ಸೇರಿಸಿದ್ದಾರೆ, ಎತ್ತಿನ ಮೈ ಉಜ್ಜುವ ಬ್ರಷ್. ಕೂತಲ್ಲೇ ಕೈಗೆ ಸಿಗಲಿ ಅಂತ ಬಾಟಲಿ ಇಡುವ ಜೇಬಿಗೆ ಸಿಕ್ಕಿಸಿಟ್ಟಿದ್ದಾರೆ.